ಹೊಸ ಟೀಚರ್‌ಗಳಿಗೆ ಗೊತ್ತಿರಬೇಕಾದ ಪದಗಳು: ನಲಿಕಲಿ, ಸೇತುಬಂಧ, ಎಫ್‌ಎ, ಮನೆಮಾತು... ನಮ್ಮ ಶಾಲೆಗಳಲ್ಲಿ ಇವುಗಳ ಅರ್ಥ ಏನು?

ಶಿರಸಿ: ಮೇ ಕೊನೆಯಲ್ಲಿ ಶಾಲಾ ಪ್ರಾರಂಭೋತ್ಸವ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿ ಶಾಲೆಗಳಿಗೆ ಹೊಸ ಮುಖಗಳು ಬರೋದು ಪ್ರತಿವರ್ಷದ ಮಾತು. ಕೆಲವರು ಕಾಯಂ ಆಗಿ ನೇಮಕ ಆದವರು, ಹೆಚ್ಚಿನವರು ಅತಿಥಿ ಶಿಕ್ಷಕರು. ಡಿಎಡ್, ಬಿಎಡ್ ಪುಸ್ತಕದಲ್ಲಿ ಓದಿದ ಪದಗಳು ಇವರಿಗೆ ಬಾಯಿಪಾಠ ಇರುತ್ತವೆ. ಆದರೆ ಆ ಪದಗಳನ್ನ ಬರೆದವರ ತಲೆಯಲ್ಲಿದ್ದದ್ದು ಒಂದು ಕೋಣೆ, ಒಂದು ತರಗತಿ, ಒಬ್ಬ ಶಿಕ್ಷಕ, ಒಂದೇ ಭಾಷೆ. ಇಲ್ಲಿ ಕೆಸರು ರಸ್ತೆ ದಾಟಿ ಹೋದರೆ ಸಿಗೋದು ಒಂದು ಕೋಣೆ, ನಾಲ್ಕು ತರಗತಿ, ಮೂರು ಮನೆಮಾತು. ಅದಕ್ಕೆ ಪದ ಅದೇ ಇದ್ದರೂ ಕೆಲಸ ಬೇರೆ ಆಗುತ್ತೆ. ತರಬೇತಿಯಲ್ಲಿ, ಸಮಾಲೋಚನಾ ಸಭೆಯಲ್ಲಿ, ಸಿಆರ್‌ಪಿ ಭೇಟಿ ಕೊಟ್ಟಾಗ ಕಿವಿಗೆ ಬೀಳುವ ಮುಖ್ಯ ಪದಗಳು ಇಲ್ಲಿವೆ.

ಬಹುವರ್ಗ ಬೋಧನೆ

ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ತರಗತಿಯ ಮಕ್ಕಳಿಗೆ ಒಬ್ಬರೇ ಕಲಿಸುವುದು. ಶಿಕ್ಷಣ ಹಕ್ಕು ಕಾಯ್ದೆ (2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ) ಪ್ರಕಾರ ಕಿರಿಯ ಹಂತದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ಅಂದರೆ ಕಾನೂನು ಪೂರ್ತಿ ಪಾಲನೆ ಆದರೂ ಒಂದರಿಂದ ಐದರವರೆಗಿನ ಶಾಲೆಯಲ್ಲಿ ಇಬ್ಬರೇ. ಐದು ತರಗತಿ, ಇಬ್ಬರು ಮೇಷ್ಟ್ರು. ಅದರಲ್ಲಿ ಒಬ್ಬರು ಮೀಟಿಂಗಿಗೆ ಹೋದ ದಿನ ಉಳಿದವರು ಒಬ್ಬರೇ. ಘಟ್ಟದ ಮೇಲೆ ಮನೆಗಳು ತೋಟದ ಪಕ್ಕ ದೂರ ದೂರ ಇರುವುದರಿಂದ ಶಾಲೆಗಳೂ ಸಣ್ಣವು, ಮಕ್ಕಳ ಸಂಖ್ಯೆಯೂ ಕಮ್ಮಿ. ಹಾಗಾಗಿ ಬಹುವರ್ಗ ಅನ್ನೋದು ಇಲ್ಲಿ ಅನಿವಾರ್ಯ ಪರಿಸ್ಥಿತಿಯ ಹೆಸರಲ್ಲ, ಮಾಮೂಲಿ ಶಾಲೆಯ ಹೆಸರು.

ಹೊಸಬರು ಮಾಡುವ ಸಾಮಾನ್ಯ ತಪ್ಪು ಅಂದರೆ ಗಂಟೆಯನ್ನ ನಾಲ್ಕು ಭಾಗ ಮಾಡಿ ಒಂದೊಂದು ತರಗತಿಗೆ ಹತ್ತು ಹತ್ತು ನಿಮಿಷ ಪಾಠ ಮಾಡೋದು. ಉಳಿದ ಮೂವತ್ತು ನಿಮಿಷ ಮಕ್ಕಳು ಬೋರ್ಡ್ ಮೇಲಿದ್ದದ್ದನ್ನ ಕಾಪಿ ಹೊಡೀತಾ ಕೂರುತ್ತಾರೆ. ಬಹುವರ್ಗ ಬೋಧನೆಯ ಒಳಗುಟ್ಟು ಇದರ ಉಲ್ಟಾ: ವಿಷಯ ಒಂದೇ ಇಟ್ಟುಕೊಂಡು ಕೆಲಸದ ಮಟ್ಟ ಬೇರೆ ಮಾಡೋದು. ಎಲೆಗಳ ಪಾಠ ಅಂದರೆ ಒಂದನೇ ತರಗತಿಯವರು ಅಂಗಳದಿಂದ ಎಲೆ ಹೆಕ್ಕಿ ಬಣ್ಣ, ಗಾತ್ರ ನೋಡಿ ಬೇರೆ ಮಾಡ್ತಾರೆ, ಮೂರನೆಯವರು ಹೆಸರು ಬರೀತಾರೆ, ಐದನೆಯವರು ಸೊಪ್ಪಿನ ಬೆಟ್ಟದ ಯಾವ ಸೊಪ್ಪು ಕೊಟ್ಟಿಗೆಗೆ, ಯಾವುದು ತೋಟಕ್ಕೆ, ಯಾಕೆ ಅಂತ ಮನೆಯಲ್ಲಿ ಕೇಳಿಕೊಂಡು ಬಂದು ಪಟ್ಟಿ ಮಾಡ್ತಾರೆ.

ನಲಿಕಲಿ

ಒಂದರಿಂದ ಮೂರನೇ ತರಗತಿ ತೆಗೆದುಕೊಳ್ಳುವವರಿಗೆ ಇದು ಮೊದಲ ದಿನವೇ ಎದುರಾಗುತ್ತೆ, ಮತ್ತೆ ಅತಿ ಹೆಚ್ಚು ಗೊಂದಲ ಆಗೋದೂ ಇಲ್ಲೇ. ನಲಿಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್‌.ಡಿ. ಕೋಟೆ ತಾಲೂಕಿನಲ್ಲಿ, ಯುನಿಸೆಫ್ ಸಹಕಾರದೊಂದಿಗೆ. ಅಲ್ಲಿನ ಸರ್ಕಾರಿ ಶಾಲೆ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿ ಸಣ್ಣ ಹಳ್ಳಿ ಶಾಲೆಗಳಿಗೆ ಮಾಡಿದ್ದ ಪದ್ಧತಿ ನೋಡಿಕೊಂಡು ಬಂದು ತಮ್ಮದೇ ಕಾರ್ಡುಗಳನ್ನ ತಯಾರಿಸಿದರು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅಂದರೆ ಇದು ಬಹುವರ್ಗ ಕೋಣೆಯೊಳಗೇ ಹುಟ್ಟಿದ ಪದ್ಧತಿ. ನಮ್ಮ ಕಡೆಯ ಶಾಲೆಗೆ ಹೊಂದಬೇಕಾದದ್ದೇ.

ಇದರ ಒಳಗಿನ ಪದಗಳು: 'ಮೈಲುಗಲ್ಲು' ಅಂದರೆ ಕಲಿಕೆಯ ಒಂದು ಹಂತ. ಮೈಲುಗಲ್ಲುಗಳನ್ನ ಕ್ರಮವಾಗಿ ಜೋಡಿಸಿದ್ದು 'ಕಲಿಕಾ ಏಣಿ', ಇದನ್ನ ಗೋಡೆಗೆ ಹಾಕಿರುತ್ತಾರೆ. ಪ್ರತಿ ಕೆಲಸಕ್ಕೆ ಒಂದು ಚಿತ್ರ, ಅದೇ 'ಲೋಗೋ'. ಓದು ಬಾರದ ಮಗು ಕೂಡ ಲೋಗೋ ನೋಡಿ ತನ್ನ ಕಾರ್ಡ್ ತಾನೇ ತೆಗೆದುಕೊಳ್ಳಬೇಕು ಅನ್ನೋದು ಲೆಕ್ಕ. ಮಕ್ಕಳು ಕೂರುವ ಗುಂಪುಗಳಿಗೆ 'ತಟ್ಟೆ' ಅಂತಾರೆ. ಊಟದ ತಟ್ಟೆ ಅಲ್ಲ! ಒಂದು ತಟ್ಟೆಯಲ್ಲಿ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದರಲ್ಲಿ ಅರ್ಧ ಸಹಾಯ, ಆಮೇಲೆ ಗೆಳೆಯರ ಸಹಾಯ, ಕೊನೆಗೆ ಸ್ವಕಲಿಕೆ, ಮೌಲ್ಯಮಾಪನ. ಮಗು ತರಗತಿಯಿಂದ ತರಗತಿಗೆ ಹೋಗೋದಕ್ಕಿಂತ ತಟ್ಟೆಯಿಂದ ತಟ್ಟೆಗೆ ಹೋಗೋದು ಇಲ್ಲಿ ಮುಖ್ಯ. ಮಕ್ಕಳ ಕೆಲಸ ನೇತುಹಾಕುವ ದಾರಗಳ ಸಾಲು 'ಚಪ್ಪರ'. ಮಳೆಗಾಲದಲ್ಲಿ ಚಪ್ಪರದ ಕಾಗದಕ್ಕೆ ಬೂಸ್ಟು ಬರೋದು ಗ್ಯಾರಂಟಿ. ಆದಷ್ಟು ಗೋಡೆಯಿಂದ ದೂರ ಕಟ್ಟಬೇಕು.

ಪಾಲಕರು ಕೇಳೇ ಕೇಳುವ ಪ್ರಶ್ನೆ ಒಂದಿದೆ. "ನಮ್ಮ ಮಾಣಿಗೆ ಇನ್ನೂ ಅ ಆ ಇ ಈ ಬರೋದಿಲ್ಲ, ಶಾಲೆಯಲ್ಲಿ ಎಂತ ಕಲಿಸ್ತೀರಿ?" ಉತ್ತರ ಗೊತ್ತಿರಬೇಕು. ನಲಿಕಲಿಯಲ್ಲಿ ಅಕ್ಷರ ಶುರುವಾಗೋದು ವರ್ಣಮಾಲೆ ಕ್ರಮದಲ್ಲಿ ಅಲ್ಲ. ರ, ಗ, ಸ, ದ, ಅ ಮೊದಲು. ಐದೇ ಅಕ್ಷರ ಬಂದರೂ ಅರಸ, ಅಗಸ, ಸರ, ದರ ಅಂತ ಮಗು ಪೂರ್ತಿ ಪದ ಓದಬಹುದು. ಅ ಆ ಇ ಈ ಉ ಕಲಿತರೆ ಓದೋದಕ್ಕೆ ಹೆಚ್ಚು ಪದ ಸಿಗೋದಿಲ್ಲ. ಇದನ್ನ ಪಾಲಕರ ಸಭೆಯಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತೆ.

ಕಾರ್ಡು ಕಳೆದುಹೋಗಿದ್ದು, ಲೋಗೋ ಹರಿದಿದ್ದು, ಏಣಿ ಬರೀ ಅಲಂಕಾರಕ್ಕೆ ನೇತಾಡ್ತಾ ಇರೋದು ಇಂಥದ್ದು ಕಂಡರೆ ಆಶ್ಚರ್ಯ ಪಡಬೇಕಾಗಿಲ್ಲ. ಮೊದಲ ವಾರ ಕಾರ್ಡ್ ಎಣಿಸಿಕೊಳ್ಳೋದೇ ದೊಡ್ಡ ಕೆಲಸ.

ಪೂರ್ವಜ್ಞಾನ

ಮಗು ಶಾಲೆಗೆ ಬರುವಾಗಲೇ ತಂದಿರುವ ತಿಳುವಳಿಕೆ. 'ರಚನಾವಾದ' ಅನ್ನೋ ದೊಡ್ಡ ಪದದ ಬುಡ ಇದೇ. ಹೊಸದನ್ನ ಮಗು ತನಗೆ ಗೊತ್ತಿರೋದರ ಮೇಲೇ ಕಟ್ಟಿಕೊಳ್ಳುತ್ತೆ ಅನ್ನೋ ವಾದ. ಪಾಠ ಯೋಜನೆಯಲ್ಲಿ ಬರೆಯುವ 'ಐದು ಇ' ಹಂತಗಳು, ಅಂದರೆ ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ, ಇದರಿಂದಲೇ ಬಂದದ್ದು.

ಶಿರಸಿ ಸೀಮೆಯ ಮಗುವಿಗೆ 'ವರ್ಗೀಕರಣ' ಅನ್ನೋ ಪದ ಗೊತ್ತಿರಲಿಕ್ಕಿಲ್ಲ. ಆದರೆ ಚಾಲಿ ಯಾವುದು, ರಾಶಿ ಯಾವುದು, ಬೆಟ್ಟೆ ಯಾವುದು ಅಂತ ಮನೆ ಅಂಗಳದಲ್ಲಿ ನೋಡಿ ನೋಡಿ ಗೊತ್ತಿರುತ್ತೆ. ವಿಜ್ಞಾನದ ಪುಸ್ತಕದಲ್ಲಿ ಆವಿಯಾಗುವಿಕೆ ಪಾಠಕ್ಕೆ ಸಮುದ್ರದ ಚಿತ್ರ ಇದ್ದರೆ, ಸಿದ್ದಾಪುರದ ಮಗುವಿಗೆ ಆಲೆಮನೆಯ ಕೊಪ್ಪರಿಗೆ ಹತ್ತಿರ. ಹಾಲು ಕಾಯ್ದು ಬೆಲ್ಲ ಆಗುವಾಗ ನೀರು ಎಲ್ಲಿ ಹೋಯ್ತು ಅಂತ ಕೇಳಿದರೆ ಪಾಠ ತಾನಾಗಿ ಓಡುತ್ತೆ. (ಕಬ್ಬಿನ ಹಾಲು. ಹೊರಗಿನಿಂದ ಬಂದ ಟೀಚರ್‌ಗೆ ಇದನ್ನ ಮಕ್ಕಳೇ ನಗ್ತಾ ನಗ್ತಾ ತಿದ್ದುತ್ತಾರೆ.)

ಮನೆಮಾತು ಮತ್ತು ಮೌನ ಅವಧಿ

ಇದು ಡಿಎಡ್ ಪುಸ್ತಕದಲ್ಲಿ ಎರಡು ಸಾಲು, ಈ ಮೂರು ತಾಲೂಕಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ. ಮನೆಯಲ್ಲಿ ಆಡುವ ಮಾತು ಶಾಲೆಯ ಮಾತಿಗಿಂತ ಬೇರೆ ಇದ್ದರೆ ಮಗುವಿಗೆ ಕೆಲಸ ಎರಡು ಪಟ್ಟು: ಪಾಠ ಕಲಿಯಬೇಕು, ಪಾಠದ ಭಾಷೆಯನ್ನೂ ಕಲಿಯಬೇಕು. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು ಅನ್ನುತ್ತೆ.

ಯಲ್ಲಾಪುರ ಕಡೆಯ ಸಿದ್ದಿ ಕೇರಿಗಳಲ್ಲಿ ಮನೆಯ ಮಾತು ಕೊಂಕಣಿ ಬುಡದ್ದು. ಗೌಳಿವಾಡಗಳಲ್ಲಿ ಮರಾಠಿಗೆ ಹತ್ತಿರದ್ದು. ಶಿರಸಿ ಪೇಟೆಯಲ್ಲಿ ಉರ್ದು, ಕೊಂಕಣಿ ಎರಡೂ ಇವೆ. ಒಂದನೇ ತರಗತಿಗೆ ಬಂದ ಇಂಥ ಮಗು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಬಾಯಿಯೇ ಬಿಡೋದಿಲ್ಲ. ಹೊಸ ಭಾಷೆ ಕಲಿಯುವವರಲ್ಲಿ ಕಾಣುವ ಈ ಹಂತಕ್ಕೆ 'ಮೌನ ಅವಧಿ' ಅಂತ ಹೆಸರು. ಮಗು ಸುಮ್ಮನೆ ಕೂತಿದೆ ಅಂದರೆ ಏನೂ ಆಗ್ತಿಲ್ಲ ಅಂತಲ್ಲ. ಕೇಳ್ತಾ ಇರುತ್ತೆ, ಒಳಗೇ ಜೋಡಿಸಿಕೊಳ್ತಾ ಇರುತ್ತೆ. ನೀರಿಗೆ ಕೊಂಕಣಿಯಲ್ಲಿ ಉದಾಕ, ಮರಾಠಿಯಲ್ಲಿ ಪಾಣಿ. ಇಂಥ ಇಪ್ಪತ್ತು ಮೂವತ್ತು ಪದ ಟೀಚರ್ ಕಲಿತುಕೊಂಡರೂ ಮಗುವಿನ ಮುಖ ಬದಲಾಗುತ್ತೆ. ದೊಡ್ಡ ತರಗತಿಯಲ್ಲಿ ಅದೇ ಕೇರಿಯ ಅಕ್ಕನೋ ಅಣ್ಣನೋ ಇದ್ದರೆ ಪಕ್ಕ ಕೂರಿಸಬೇಕು. ಬಹುವರ್ಗ ಕೋಣೆಯ ಒಂದು ಲಾಭ ಇದು, ಒಂದೇ ತರಗತಿಯ ಕೋಣೆಯಲ್ಲಿ ಸಿಗೋದಿಲ್ಲ.

ಕನ್ನಡದ ಒಳಗೂ ಇದೇ ಕತೆ. ಹವ್ಯಕರ ಮನೆಯ ಮಗು 'ಅಕ್ಕ ಬಂತು' ಅಂತ ಬರೆದರೆ ಬಯಲುಸೀಮೆಯಿಂದ ಬಂದ ಟೀಚರ್ ಕೆಂಪು ಗೀಟು ಎಳೀತಾರೆ. ಆದರೆ ಹವಿಗನ್ನಡದಲ್ಲಿ ಹೆಣ್ಣಿಗೆ ಹಾಗೆ ಹೇಳೋದೇ ನಿಯಮ. 'ನಾನು' ಅನ್ನೋ ಬದಲು 'ಆನು' ಅನ್ನೋದೂ ಅಷ್ಟೇ, ಹಳಗನ್ನಡದಲ್ಲಿ 'ಆನ್' ಇತ್ತಲ್ಲ. ಮಗುವಿಗೆ ವ್ಯಾಕರಣ ಬರ್ತಿಲ್ಲ ಅಂತಲ್ಲ, ಅದಕ್ಕೆ ಬೇರೆ ವ್ಯಾಕರಣ ಬರುತ್ತೆ. "ಮನೆಯಲ್ಲಿ ಹೀಗೆ, ಪುಸ್ತಕದಲ್ಲಿ ಹೀಗೆ" ಅಂತ ಎರಡನ್ನೂ ಪಕ್ಕ ಪಕ್ಕ ಬರೆದು ತೋರಿಸಿದರೆ ಸಾಕು. ಹವ್ಯಕ ಮಗುವಿನ ಮಾತಿಗೆ ಸಿಗುವ ಈ ರಿಯಾಯಿತಿ ಗೌಳಿ ಮಗುವಿನ ಮಾತಿಗೂ ಸಿಗ್ತಿದೆಯಾ ಅಂತ ಮಾತ್ರ ನೋಡಿಕೊಳ್ಳಬೇಕು.

'ನಿಧಾನ ಕಲಿಕೆಯ ಮಗು'

ಬಹಳ ಹುಷಾರಾಗಿ ಬಳಸಬೇಕಾದ ಪದ. ದಾಖಲೆಯಲ್ಲಿ ಒಮ್ಮೆ ಬರೆದರೆ ಹೋಗೋದಿಲ್ಲ. ಈ ವರ್ಷದ ಟೀಚರ್ ಹೇಳಿದ್ದನ್ನ ಮುಂದಿನ ವರ್ಷದವರು ನಂಬುತ್ತಾರೆ, ಮನೆಯವರೂ ನಂಬುತ್ತಾರೆ, ಕೊನೆಗೆ ಮಗುವೇ ನಂಬಿಬಿಡುತ್ತೆ. ಅಲ್ಲಿಂದ ಏಳನೇ ತರಗತಿ ಮುಗಿದ ಮೇಲೆ ಶಾಲೆ ಬಿಡೋದು ದೂರ ಇಲ್ಲ.

ಹೀಗೆ ಬರೆಯೋ ಮೊದಲು ಮೂರು ಬೇರೆ ಬೇರೆ ಸಂಗತಿಗಳನ್ನ ಬಿಡಿಸಿ ನೋಡಬೇಕು. ಒಂದು, ಮಗುವಿಗೆ ಪಾಠ ಬರ್ತಿಲ್ಲವೋ ಅಥವಾ ಪಾಠದ ಭಾಷೆ ಬರ್ತಿಲ್ಲವೋ. ಉದಾಹರಣೆಗೆ ಎರಡನೇ ತರಗತಿಯ ಹುಡುಗಿ ಪುಸ್ತಕದ ವಾಕ್ಯರೂಪದ ಲೆಕ್ಕ ಮಾಡದೇ ಕೂತಿದ್ದಾಳೆ ಅಂತಿಟ್ಟುಕೊಳ್ಳೋಣ. ಹುಣಸೆ ಬೀಜ ಕೊಟ್ಟು, ಕೈ ಸನ್ನೆಯಲ್ಲಿ ಕೇಳಿ, ಆಗ ಸರಿ ಉತ್ತರ ಬಂದರೆ ಅವಳಿಗೆ ಗಣಿತ ಗೊತ್ತು. ಎರಡು, ಹಾಜರಿ. ಕೊನೆಕೊಯ್ಲಿನ ಹೊತ್ತಿಗೆ, ಜಾತ್ರೆ ಹೊತ್ತಿಗೆ, ಹಳ್ಳ ತುಂಬಿದಾಗ ಬಾರದೇ ಇದ್ದ ದಿನಗಳನ್ನ ಎಣಿಸಿದರೆ ಎಷ್ಟೋ ಸಲ ಕಾರಣ ಅಲ್ಲೇ ಇರುತ್ತೆ. ಮೂರು, ನಿಜವಾದ 'ಕಲಿಕಾ ನ್ಯೂನತೆ'. ಅಕ್ಷರ ತಿರುಗಾಮುರುಗಾ ಕಾಣೋದು, ಬುದ್ಧಿ ಚುರುಕಿದ್ದರೂ ಓದು ಹತ್ತದೇ ಇರೋದು. ಇದನ್ನ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದಾಗಿ ಸೇರಿಸಿದೆ. ಇದು ಟೀಚರ್ ತಾವೇ ತೀರ್ಮಾನ ಮಾಡುವ ವಿಷಯ ಅಲ್ಲ. ಬಿಆರ್‌ಸಿಯಲ್ಲಿರುವ ಸಂಪನ್ಮೂಲ ಶಿಕ್ಷಕರ ಗಮನಕ್ಕೆ ತಂದು ತಪಾಸಣೆಗೆ ಕಳಿಸಬೇಕು. ಕಣ್ಣು, ಕಿವಿ ಪರೀಕ್ಷೆ ಮೊದಲು. ಬೋರ್ಡು ಕಾಣದ ಮಗು 'ನಿಧಾನ' ಅನ್ನಿಸಿಕೊಂಡದ್ದು ಬೇಕಾದಷ್ಟಿದೆ.

ಆಸರೆ ಕೊಡೋದು

ರಷ್ಯಾದ ವೈಗೋಟ್‌ಸ್ಕಿ ಹೇಳಿದ 'ಸಮೀಪ ವಿಕಾಸ ವಲಯ' ಪರೀಕ್ಷೆಗೆ ಬಂದೇ ಬರುವ ಪದ. ಮಗು ಒಂಟಿಯಾಗಿ ಮಾಡಲಾರದು, ಆದರೆ ಯಾರಾದರೂ ಸ್ವಲ್ಪ ಕೈ ಹಿಡಿದರೆ ಮಾಡಬಲ್ಲದು ಅನ್ನುವ ಜಾಗ ಅದು. ಆ ಜಾಗದಲ್ಲಿ ಕೊಡುವ ತಾತ್ಕಾಲಿಕ ಸಹಾಯಕ್ಕೆ 'ಆಸರೆ' ಅಥವಾ 'ಸಾರುವೆ' ಅಂತಾರೆ. 1976ರಲ್ಲಿ ವುಡ್, ಬ್ರೂನರ್, ರಾಸ್ ಅನ್ನುವ ಮೂವರ ಬರಹದಿಂದ ಈ ಮಾತು ಬಳಕೆಗೆ ಬಂತು.

ನಮ್ಮ ಕಡೆಯವರಿಗೆ ಇದನ್ನ ಕಾಳುಮೆಣಸಿನ ಬಳ್ಳಿ ಚೆನ್ನಾಗಿ ಹೇಳುತ್ತೆ. ಎಳೇ ಬಳ್ಳಿಯನ್ನ ಅಡಿಕೆ ಮರಕ್ಕೆ ದಾರದಲ್ಲಿ ಕಟ್ಟುತ್ತಾರೆ. ಗೆಣ್ಣಲ್ಲಿ ಬೇರು ಬಿಟ್ಟು ಮರ ಹಿಡಿದ ಮೇಲೆ ದಾರ ಬೇಡ. ಕಟ್ಟದೇ ಇದ್ದರೆ ಬಳ್ಳಿ ನೆಲಕ್ಕೆ ಬೀಳುತ್ತೆ, ಬಿಗಿಯಾಗಿ ಕಟ್ಟಿ ಹಾಗೇ ಬಿಟ್ಟರೆ ಬಳ್ಳಿಯನ್ನೇ ಕೊರೆಯುತ್ತೆ. ನಲಿಕಲಿ ತಟ್ಟೆಗಳ ಕ್ರಮ, ಪೂರ್ಣ ಸಹಾಯದಿಂದ ಸ್ವಕಲಿಕೆವರೆಗೆ, ಇದೇ ಲೆಕ್ಕದ್ದು.

ಇದರ ಜೊತೆಗೆ 'ಕಾಯುವ ಸಮಯ'. ಪ್ರಶ್ನೆ ಕೇಳಿ ಉತ್ತರಕ್ಕೆ ಎಷ್ಟು ಹೊತ್ತು ಸುಮ್ಮನಿರುತ್ತೀರಿ ಅನ್ನೋದು. ಅಮೆರಿಕದ ಮೇರಿ ಬಡ್ ರೋವ್ 1970ರ ದಶಕದಲ್ಲಿ ತರಗತಿಗಳನ್ನ ರೆಕಾರ್ಡ್ ಮಾಡಿ ನೋಡಿದಾಗ ಶಿಕ್ಷಕರು ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದದ್ದು ಗೊತ್ತಾಯ್ತು. ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದ ಆದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಮನೆಮಾತು ಬೇರೆ ಇರುವ ಮಗುವಿಗೆ ಈ ಮೂರು ಸೆಕೆಂಡೂ ಕಮ್ಮಿಯೇ ಆಗಬಹುದು, ತಲೆಯೊಳಗೆ ಎರಡು ಸಲ ಭಾಷಾಂತರ ಆಗಬೇಕಲ್ಲ.

ಮೌಲ್ಯಮಾಪನದ ಪದಗಳು

'ಸಿಸಿಇ' ಅಂದರೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ. ಇದರಲ್ಲಿ 'ಎಫ್‌ಎ' ರೂಪಣಾತ್ಮಕ, ವರ್ಷಕ್ಕೆ ನಾಲ್ಕು. 'ಎಸ್‌ಎ' ಸಂಕಲನಾತ್ಮಕ, ಎರಡು. ಅಡುಗೆ ಆಗ್ತಾ ಇರುವಾಗ ರುಚಿ ನೋಡೋದು ಎಫ್‌ಎ, ಬಡಿಸಿದ ಮೇಲೆ ಉಂಡವರು ಹೇಳೋದು ಎಸ್‌ಎ. ಎಫ್‌ಎ ಅಂದರೆ ಸಣ್ಣ ಪರೀಕ್ಷೆ ಅಂತ ತಿಳಿದು ಪ್ರಶ್ನೆಪತ್ರಿಕೆ ಕೊಟ್ಟು ಅಂಕ ತುಂಬಿ ಮುಗಿಸುವವರೇ ಹೆಚ್ಚು. ಉಪ್ಪು ಕಮ್ಮಿ ಅಂತ ಗೊತ್ತಾದರೆ ಹಾಕಬೇಕು, ಬರೆದಿಟ್ಟರೆ ಸಾಲದು.

'ಸೇತುಬಂಧ' ವರ್ಷದ ಶುರುವಿನ ಕೆಲಸ. ಹಿಂದಿನ ತರಗತಿಯ ಯಾವ ಸಾಮರ್ಥ್ಯ ಬಂದಿದೆ, ಯಾವುದಿಲ್ಲ ಅಂತ ಪೂರ್ವ ಪರೀಕ್ಷೆ ಮಾಡಿ, ಕಲಿಸಿ, ಕೊನೆಗೆ 'ಸಾಫಲ್ಯ ಪರೀಕ್ಷೆ' ಮಾಡೋದು. ತೊಂದರೆ ಎಲ್ಲಿದೆ ಅಂತ ಹುಡುಕುವ ಪರೀಕ್ಷೆ 'ನೈದಾನಿಕ', ಆಮೇಲಿನ ಪಾಠ 'ಪರಿಹಾರ ಬೋಧನೆ'. ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಸೇತುಬಂಧ ಮುಗಿದಿರೋದೂ ಉಂಟು. ಹಾಗಾದಲ್ಲಿ ಆ ಪತ್ರಿಕೆಗಳನ್ನ ಮುಖ್ಯಶಿಕ್ಷಕರಿಂದ ಕೇಳಿ ತೆಗೆದುಕೊಂಡು ಒಂದು ಸಂಜೆ ಕೂತು ನೋಡಬೇಕು.

'ಕಲಿಕಾ ಫಲ' ಅಂದರೆ ಪಾಠ ಮುಗಿದ ಮೇಲೆ ಮಗು ಏನು ಮಾಡಬಲ್ಲದು ಅನ್ನೋದು. ಟೀಚರ್ ಏನು ಮಾಡಿದರು ಅನ್ನೋದಲ್ಲ. 'ಎಫ್‌ಎಲ್‌ಎನ್' ಅಂದರೆ ಬುನಾದಿ ಅಕ್ಷರ ಮತ್ತು ಸಂಖ್ಯಾ ಜ್ಞಾನ. 2021ರ ಜುಲೈ 5ರಂದು ಶುರುವಾದ ಕೇಂದ್ರದ 'ನಿಪುಣ್ ಭಾರತ್' ಮೂರನೇ ತರಗತಿ ಮುಗಿಯುವಷ್ಟರಲ್ಲಿ ಎಲ್ಲ ಮಕ್ಕಳಿಗೆ ಇದು ಬರಬೇಕು ಅಂತ 2026-27ರ ಗಡುವು ಇಟ್ಟಿದೆ.

ಪ್ರಶ್ನೆಪತ್ರಿಕೆ ಮಾಡುವಾಗ 'ಬ್ಲೂಮ್' ಹೆಸರು ಬರುತ್ತೆ. 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಜೊತೆಗಾರರು ಮಾಡಿದ ಕಲಿಕೆಯ ಮಟ್ಟಗಳ ಪಟ್ಟಿ. ಕೊಳೆ ರೋಗ ಯಾವ ಕಾಲದಲ್ಲಿ ಬರುತ್ತೆ ಅಂತ ಕೇಳಿದರೆ ಅದು ಬರೀ ನೆನಪು. ಮಳೆ ಹಿಡಿಯುವ ಮೊದಲೇ ಔಷಧಿ ಯಾಕೆ ಹೊಡೀತಾರೆ ಅನ್ನೋದು ತಿಳುವಳಿಕೆ. 100 ಲೀಟರ್ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ ಆದರೆ 250 ಲೀಟರಿಗೆ ಎಷ್ಟು ಅನ್ನೋದು ಅನ್ವಯ. ಒಂದೇ ತೋಟದ ಒಂದು ಮೂಲೆಯಲ್ಲೇ ಕೊಳೆ ಯಾಕೆ ಹೆಚ್ಚು ಅಂತ ಕೇಳಿದರೆ ವಿಶ್ಲೇಷಣೆ. ಕೊನೆಯದಕ್ಕೆ ಅಪ್ಪಂದಿರಲ್ಲೂ ಒಮ್ಮತ ಇರೋದಿಲ್ಲ, ಪ್ರಶ್ನೆ ಒಳ್ಳೆಯದು ಅಂತ ಅದರಲ್ಲೇ ಗೊತ್ತಾಗುತ್ತೆ.

ಆಫೀಸಿನ ಪದಗಳು, ಬೇಗ ಬೇಗ

ಉತ್ತರ ಕನ್ನಡ ಒಂದೇ ಕಂದಾಯ ಜಿಲ್ಲೆ ಆದರೂ ಶೈಕ್ಷಣಿಕ ಜಿಲ್ಲೆ ಎರಡು, ಕಾರವಾರ ಮತ್ತು ಶಿರಸಿ. ಈ ಮೂರೂ ತಾಲೂಕು ಶಿರಸಿಗೆ ಸೇರಿದ್ದು, 'ಡಿಡಿಪಿಐ' ಕಚೇರಿ ಶಿರಸಿಯಲ್ಲೇ. ತಾಲೂಕಿಗೆ 'ಬಿಇಒ', ತರಬೇತಿಗೆ 'ಬಿಆರ್‌ಸಿ', ಹತ್ತಿರದ ಶಾಲೆಗಳ ಗುಂಪಿಗೆ 'ಸಿಆರ್‌ಪಿ'. ಪಾಠದ ವಿಷಯದಲ್ಲಿ ಮೊದಲು ಕೇಳಬೇಕಾದವರು ಸಿಆರ್‌ಪಿ, ಅವರನ್ನ ಬರೀ ತನಿಖೆಗೆ ಬಂದವರು ಅಂತ ಹೆದರಬಾರದು. 'ಸ್ಯಾಟ್ಸ್' ಮಗುವಿನ ಹಾಜರಿ, ಅಂಕ ಎಲ್ಲ ಇರುವ ಆನ್‌ಲೈನ್ ದಾಖಲೆ. ನೆಟ್‌ವರ್ಕ್ ಸಿಗುವ ಗುಡ್ಡ ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳೋದು ಒಳ್ಳೆಯದು. 'ಎಸ್‌ಡಿಎಂಸಿ' ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ರಾಜ್ಯದಲ್ಲಿ 2001ರಿಂದ ಇದೆ. ಕಾಯ್ದೆ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರು. ಮತ್ತೆ 17ನೇ ಕಲಂ: ಹೊಡೆಯೋದು ಮಾತ್ರ ಅಲ್ಲ, ಮಾನಸಿಕ ಹಿಂಸೆಯೂ ನಿಷಿದ್ಧ. ಮಗುವಿನ ಮನೆಮಾತನ್ನ ಅಣಕಿಸೋದು ಇದರೊಳಗೆ ಬರೋದಿಲ್ಲ ಅಂತ ಯಾರೂ ತಿಳಿಯಬಾರದು.

ಕೃತಿ ಸಂಪುಟ

ಮಗುವಿನ ಚಿತ್ರ, ಬರಹ, ಮಾಡಿದ ಕೆಲಸ ಎಲ್ಲ ಸೇರಿಸಿಡುವ ಫೈಲು. ಸಾಮಾನ್ಯವಾಗಿ ಮೂರ್ನಾಲ್ಕು ಬಣ್ಣದ ಚಿತ್ರ ಅಂಟಿಸಿ ಮುಗಿಸ್ತಾರೆ. ಆದರೆ ಅತಿಥಿ ಶಿಕ್ಷಕರ ಅವಧಿ ಶೈಕ್ಷಣಿಕ ವರ್ಷದ ಕೊನೆಗೆ ಮುಗಿಯುತ್ತೆ, ಮುಂದಿನ ಮಳೆಗಾಲಕ್ಕೆ ಅದೇ ಬೆಂಚಿನ ಮುಂದೆ ಬೇರೆಯವರು ನಿಂತಿರಬಹುದು. ಅವರ ಕೈಗೆ ಸಿಗೋದು ಈ ಫೈಲು ಮತ್ತು ಗ್ರೇಡು ಮಾತ್ರ. 'ಗಣಿತ: ಸಿ' ಅಂತಷ್ಟೇ ಇದ್ದರೆ ಮೇಲೆ ಹೇಳಿದ ಹುಡುಗಿಯನ್ನ ಅವರೂ ಹಿಂದಿನ ಬೆಂಚಿಗೆ ಕಳಿಸ್ತಾರೆ. ಅದರ ಕೆಳಗೆ ಪೆನ್ನಿನಲ್ಲಿ ಎರಡು ಸಾಲು ಇರಬೇಕು: "ಮನೆಯಲ್ಲಿ ಮರಾಠಿ ಥರದ ಮಾತು. ಬೀಜ ಕೊಟ್ಟರೆ 50ರ ಒಳಗೆ ಕೂಡಿ ಕಳೆಯುತ್ತಾಳೆ. ವಾಕ್ಯದ ಲೆಕ್ಕವನ್ನ ಓದಿ ಹೇಳಬೇಕು, ಉತ್ತರಕ್ಕೆ ಸ್ವಲ್ಪ ಕಾಯಬೇಕು."